ಮಗ ನಿನೊಂಗ್ ಆಗಬಹುದಾ?

ಪ್ರಶ್ನೆ: ಮಗ ಫಿಲಿಪೈನ್ಸ್‌ನ ದವಾವೊದಲ್ಲಿ ಮೆಡಿಕಲ್ ಓದುತ್ತಿದ್ದಾನೆ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಭೂಕಂಪ ಆದಾಗ ಬಾಡಿಗೆ ಮನೆಯ ಒಡತಿ ಅವನನ್ನು ಸ್ವಂತ ಮಗನ ಹಾಗೆ ನೋಡಿಕೊಂಡರು. ಈಗ ಮೊಮ್ಮಗಳ ಬ್ಯಾಪ್ಟಿಸಂಗೆ ‘ನೀನೂ ಒಬ್ಬ ನಿನೊಂಗ್ ಆಗು’ ಅನ್ನುತ್ತಿದ್ದಾರಂತೆ. ಅಂದರೆ ಗಾಡ್‌ಫಾದರ್. ನಾವು ಹಿಂದೂಗಳು. ಒಪ್ಪಿದರೆ ತೊಡಕೇನಾದರೂ ಇದೆಯಾ ಸರ್? ಇನ್ನೊಂದು ಸಂದೇಹ. ಸ್ಪ್ಯಾನಿಷ್ ಹೆಸರು, ಇಂಗ್ಲಿಷ್ ಮಾತು, ಅಮೆರಿಕದ ಬಾಸ್ಕೆಟ್‌ಬಾಲ್. ಆ ಜನಕ್ಕೆ ತಮ್ಮದು ಅಂತ ಏನಿದೆ?
— ಒಬ್ಬ ತಾಯಿ

ಉತ್ತರ: ಎರಡನೆಯದರಿಂದ ಶುರು ಮಾಡುತ್ತೇನೆ. ಹೆಸರು ನೋಡಿ ಮೋಸಹೋಗಬೇಡಿ. 1849ರಲ್ಲಿ ಸ್ಪ್ಯಾನಿಷ್ ಗವರ್ನರ್ ಕ್ಲಾವೆರಿಯಾ ಅಡ್ಡಹೆಸರುಗಳ ದೊಡ್ಡ ಪಟ್ಟಿ ಮಾಡಿಸಿ ಊರೂರಿಗೆ ಹಂಚಿದ. ತೆರಿಗೆ ಲೆಕ್ಕ ಸಲೀಸಾಗಲಿ ಅಂತ. ಆಲ್ಬಾಯ್ ಪ್ರಾಂತ್ಯದ ಓಆಸ್‌ನಲ್ಲಿ ಇವತ್ತಿಗೂ ‘ಆರ್’ ಅಕ್ಷರದ ಅಡ್ಡಹೆಸರೇ ಜಾಸ್ತಿ. ಮಾತೂ ಹಾಗೆಯೇ. ಕಾಲೇಜಲ್ಲಿ ಇಂಗ್ಲಿಷ್ ಇರಬಹುದು, ದವಾವೊದ ಅಡುಗೆಮನೆಯಲ್ಲಿ ಬಿಸಾಯ. ಮಗ ನಾಲ್ಕು ಮಾತು ಕಲಿತರೆ ವಾರ್ಡಿನಲ್ಲೂ ಉಪಯೋಗಕ್ಕೆ ಬರುತ್ತದೆ.

ಅವರದು ಅಂತ ಏನಿದೆಯೋ ಅದು ಯಾರು ಯಾರಿಗೆ ಏನಾಗಬೇಕು ಅನ್ನುವ ಲೆಕ್ಕದಲ್ಲಿದೆ. ನಾನು ಲೋಸ್ ಬಾನ್ಯೋಸ್‌ನ ಭತ್ತ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ನಮ್ಮ ಬೀದಿಯಲ್ಲೊಂದು ಸಾರಿ-ಸಾರಿ ಅಂಗಡಿ ಇತ್ತು. ಮನೆಯ ಮುಂದಿನ ಕಿಟಕಿಗೆ ಜಾಲರಿ ಹಾಕಿದರೆ ಅದೇ ಅಂಗಡಿ. ಶಾಂಪೂ ಒಂದು ಸ್ಯಾಷೆ, ವಿನೆಗರ್ ಅರ್ಧ ಲೋಟ, ಬಿಡಿ ಸಿಗರೇಟು. ಕಾಸಿಲ್ಲದವರ ಹೆಸರು ಮಕ್ಕಳ ಶಾಲೆ ನೋಟ್‌ಬುಕ್ಕಿನಲ್ಲಿ. ಬಿರುಗಾಳಿ ಬಂದು ಕರೆಂಟು ಹೋದ ವಾರ ಆ ಪುಸ್ತಕದಲ್ಲಿ ಪುಟಗಟ್ಟಲೆ ಸಾಲ ಏರಿತು. ಅಂಗಡಿಯಾಕೆ ಯಾರಿಗೂ ಇಲ್ಲ ಅನ್ನಲಿಲ್ಲ. ಆಕೆಯ ತಂಗಿ ಹಾಂಗ್‌ಕಾಂಗ್‌ನಲ್ಲಿ ಮನೆಗೆಲಸಕ್ಕಿದ್ದಳು. ಅವಳ ಹಣ ಬಂದಾಗ ಅಂಗಡಿಗೆ ಮತ್ತೆ ಸರಕು. ಎಷ್ಟೋ ಮನೆಗಳಲ್ಲಿ ಫೀಸು, ಔಷಧಿ, ಮನೆಯ ತಗಡು ಎಲ್ಲ ಹೀಗೇ ಬರುವುದು. 1974ರ ಕಾರ್ಮಿಕ ಕಾನೂನಿನಲ್ಲಿ ಸರ್ಕಾರವೇ ಜನರನ್ನು ಹೊರದೇಶಕ್ಕೆ ಕಳಿಸುವ ವ್ಯವಸ್ಥೆ ಮಾಡಿತು. ಸದ್ಯಕ್ಕೆ ಅಂತ ಶುರುವಾದದ್ದು ನಿಲ್ಲಲೇ ಇಲ್ಲ.

ಈ ಲೆಕ್ಕದಲ್ಲಿ ನಿನೊಂಗ್, ನಿನಾಂಗ್ (ಗಾಡ್‌ಮದರ್) ದೊಡ್ಡ ಕೊಂಡಿ. ಸ್ಪೇನಿನವರು ಚರ್ಚಿನ ಜೊತೆ ತಂದ ಪದ್ಧತಿಯನ್ನು ಇವರು ತಮಗೆ ಬೇಕಾದಷ್ಟು ಹಿಗ್ಗಿಸಿಕೊಂಡರು. ಒಂದು ಮಗುವಿಗೆ ಹತ್ತು ಜನ ಇದ್ದರೂ ಆಶ್ಚರ್ಯವಿಲ್ಲ. ಮಗುವಿನ ಅಪ್ಪ-ಅಮ್ಮನಿಗೂ ನಿನೊಂಗ್‌ಗೂ ಆವತ್ತಿನಿಂದ ನೆಂಟಸ್ತನ. ಗಂಡಸಾದರೆ ಪಾರೆ, ಹೆಂಗಸಾದರೆ ಮಾರೆ ಅಂತ ಕರೆದುಕೊಳ್ಳುತ್ತಾರೆ. ಭೂಮಿ ನಡುಗಿದಾಗ, ಕೆಲಸ ಹೋದಾಗ ಸರ್ಕಾರಕ್ಕಿಂತ ಮೊದಲು ಬಾಗಿಲಿಗೆ ಬರುವವರು ಇವರೇ.

ಇದನ್ನೇ ಹೊರಗಿನವರು ‘ಫಿಲಿಪಿನೋಗಳು ಎಂಥ ಕಷ್ಟದಲ್ಲೂ ನಗುತ್ತಾರೆ’ ಅಂತ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಹಿಡಿಸದು, ಅಲ್ಲಿನ ಎಷ್ಟೋ ಜನಕ್ಕೂ ಹಿಡಿಸದು. 2013ರ ನವೆಂಬರ್‌ನಲ್ಲಿ ಯೊಲಾಂಡಾ ಬಿರುಗಾಳಿಗೆ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ನಗುವುದಕ್ಕೆ ಏನಿತ್ತು? 2025ರಲ್ಲಿ ಪ್ರವಾಹ ತಡೆಯುವ ಕಾಮಗಾರಿಗಳ ದುಡ್ಡು ನುಂಗಿದ ಸುದ್ದಿ ಹೊರಬಿದ್ದಾಗ ಸಾವಿರಾರು ಜನ ಸಿಟ್ಟಿನಿಂದಲೇ ಮನಿಲಾದ ಬೀದಿಗಿಳಿದರು. ಅದೂ ಸೆಪ್ಟೆಂಬರ್ 21ರಂದು, 1972ರಲ್ಲಿ ಅಧ್ಯಕ್ಷ ಮಾರ್ಕೋಸ್ ಹೇರಿದ ಮಾರ್ಷಲ್ ಲಾ ನೆನಪಿನ ದಿನ.

ಇನ್ನೊಂದು ಮುಖವೂ ಇದೆ. ಮೇಯರ್‌ಗಳೂ ನಿನೊಂಗ್ ಆಗುತ್ತಾರೆ. ಮದುವೆಗೆ ಬರುತ್ತಾರೆ, ಸಾವಿನ ಮನೆಗೆ ಹಣ ಕೊಡುತ್ತಾರೆ, ಪರಿಹಾರದ ಅಕ್ಕಿ ಚೀಲದ ಮೇಲೆ ತಮ್ಮ ಮುಖ ಅಚ್ಚು ಹಾಕಿಸುತ್ತಾರೆ. ಆ ಹಂಗು ಚುನಾವಣೆ ದಿನ ತೀರಬೇಕು, ಅಲ್ವಾ? 1987ರ ಸಂವಿಧಾನ ಮನೆತನದ ರಾಜಕೀಯ ಕೂಡದು ಅನ್ನುತ್ತದೆ. ಆದರೆ ಮನೆತನ ಅಂದರೇನು ಅಂತ ಕಾನೂನು ಮಾಡಿ ಹೇಳಬೇಕಾದ ಸಂಸತ್ತಿನಲ್ಲಿ ಕೂತವರಲ್ಲಿ ಆ ಮನೆತನದವರೇ ಜಾಸ್ತಿ. ಮುಂದಿನದು ನೀವೇ ಊಹಿಸಿ.

ಈಗ ಮಗನ ವಿಚಾರ. ಚರ್ಚಿನ ನಿಯಮದ ಪ್ರಕಾರ ಕ್ಯಾಥೊಲಿಕ್ ಅಲ್ಲದವರು ನಿನೊಂಗ್ ಆಗುವಂತಿಲ್ಲ. ಮತಾಂತರದ ಭಯ ಸುಮ್ನೆ ಇಟ್ಟುಕೊಳ್ಳಬೇಡಿ. ಚರ್ಚಿನ ಲೆಕ್ಕಕ್ಕೆ ಅವನು ನಿನೊಂಗ್ ಅಲ್ಲದಿದ್ದರೂ ಮನೆಯವರು ಪ್ರೀತಿಗೆ ಹಾಗೇ ಕರೆಯುತ್ತಾರೆ. ಆ ದಿನ ಲಕೋಟೆಯಲ್ಲಿ ಒಂದಿಷ್ಟು ಪೆಸೊ ಇಟ್ಟು ಕೊಡಲಿ. ಓದುವ ಹುಡುಗ, ಶಕ್ತಿ ಮೀರುವುದು ಬೇಡ. ಮುಂದೆ ಕ್ರಿಸ್‌ಮಸ್ ಬಂದಾಗಲೆಲ್ಲ ಮಗು ಅವನ ಕೈಯನ್ನು ಹಣೆಗೆ ಒತ್ತಿಕೊಳ್ಳುತ್ತದೆ, ಆಗಲೂ ಗರಿಗರಿ ನೋಟು ಬೇಕು. ಡಿಸೆಂಬರ್‌ನಲ್ಲಿ ನಿನೊಂಗ್‌ಗಳು ಅಡಗಿಕೊಳ್ಳುತ್ತಾರೆ ಅನ್ನುವುದು ಅಲ್ಲಿನ ಹಳೇ ಜೋಕು. ಓದು ಮುಗಿಸಿ ವಾಪಸಾದ ಮೇಲೂ ಫೋನು ನಿಲ್ಲಬಾರದು. ಅಷ್ಟು ಆಗುತ್ತದೆ ಅಂದರೆ ಒಪ್ಪಿಕೊಳ್ಳಲಿ. ಆಗದು ಅಂದರೆ ಈಗಲೇ ನಯವಾಗಿ ಹೇಳಲಿ. ಒಪ್ಪಿ ಮರೆತುಬಿಟ್ಟರೆ ಅವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಎರಡರಲ್ಲಿ ಏನೇ ಆದರೂ, ಇನ್ನೊಮ್ಮೆ ಭೂಮಿ ನಡುಗಿದರೆ ಇರಲಿ ಅಂತ ಒಡತಿಯ ಜೊತೆ ಹೋಗಿ ಬರಾಂಗೈ (ಅಲ್ಲಿನ ಅತಿ ಚಿಕ್ಕ ಸ್ಥಳೀಯ ಆಡಳಿತ) ಕಚೇರಿಯಲ್ಲಿ ಅವನ ಹೆಸರು, ನಿಮ್ಮ ಫೋನ್ ನಂಬರ್ ಬರೆಸಿ ಬರಲಿ.