ತಲೆಗೆ ಲೈಟಿನ ಟೋಪಿ ಹಾಕಿಸಿಕೊಳ್ಳೋಕೆ ಹೊರಟ ಅಣ್ಣನಿಗೆ

ಅಣ್ಣ, ನಿನ್ನೆ ರಾತ್ರಿ ನೀವು ಹಾಕಿದ ಮೆಸೇಜ್ ಈಗ ಕಣದಲ್ಲಿ ಕಾಫಿ ಹರಡಿಸಿ ಬಂದು ಓದಿದೆ. ಬೆಂಗಳೂರಲ್ಲಿ ಓದ್ತಿರೋ ಅಕ್ಕನ ಮಗಳು ತನ್ನ ಪ್ರಯೋಗಕ್ಕೆ ಕರೆದಿದ್ದಾಳೆ, ತಲೆಗೆ ಲೈಟಿನ ಟೋಪಿ ಹಾಕಿ ಕೈಯಾಡಿಸುವಾಗ ಮೆದುಳು ನೋಡ್ತಾರಂತೆ, ಹೋದ ವರ್ಷ ಸ್ಟ್ರೋಕ್ ಆದ ಬಲಗೈ ಇನ್ನೂ ಹಿಡಿತಕ್ಕೆ ಬಂದಿಲ್ಲ, ಹೋಗಬಹುದಾ, ತಲೆ ಬೋಳಿಸಬೇಕಾ, ಕೈ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಸುಂಟಿಕೊಪ್ಪದ ತೋಟಕ್ಕೆ ವಾಪಸ್ ಬರೋ ಮುಂಚೆ ಆರು ವರ್ಷ ಇಂಥದೇ ಲ್ಯಾಬಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಹೋಗಬಹುದು. ಬೋಳಿಸಬೇಕಿಲ್ಲ. ಟೋಪಿಯಿಂದ ಕೈ ಸರಿಹೋಗಲ್ಲ, ಅದು ಅಳೆಯೋ ಯಂತ್ರ ಅಷ್ಟೇ. ಫಿಸಿಯೋಥೆರಪಿ ಬಿಡಬೇಡಿ.

ಕೋವಿಡ್ ಟೈಮಲ್ಲಿ ಬೆರಳಿಗೆ ಸಿಕ್ಕಿಸ್ತಿದ್ದ ಆಕ್ಸಿಮೀಟರ್ ನೆನಪಿದೆಯಲ್ಲ, ಇದು ಅದರ ಅಣ್ಣ. ಕೆಂಪಿನಿಂದ ಶುರುವಾಗಿ ಅದರಾಚೆ ಕಣ್ಣಿಗೆ ಕಾಣದ ಬೆಳಕಿನವರೆಗೆ, ಅಂದರೆ 650ರಿಂದ 900 ನ್ಯಾನೋಮೀಟರ್ ಬೆಳಕು, ಚರ್ಮ ಮೂಳೆ ದಾಟಿ ಒಳಗೆ ಹೋಗುತ್ತೆ. ಆಮ್ಲಜನಕ ಹೊತ್ತ ರಕ್ತ ಅದನ್ನ ಹೀರೋ ರೀತಿ ಬೇರೆ, ಕೊಟ್ಟು ಖಾಲಿಯಾದ ರಕ್ತದ್ದು ಬೇರೆ. ಅದಕ್ಕೇ 760, 850ರ ಆಸುಪಾಸಿನ ಎರಡು ಬೆಳಕು ಬಿಟ್ಟು ಹೋಲಿಸ್ತಾರೆ. ತಲೆಬುರುಡೆ ತೆರೆಯದೆ ಹೀಗೆ ನೋಡಬಹುದು ಅಂತ ಫ್ರಾನ್ಸ್ ಯೋಬ್ಸಿಸ್ ಅನ್ನೋರು ತೋರಿಸಿದ್ದು 1977ರಲ್ಲಿ. ಎಕ್ಸ್‌ರೇ ಥರದ ವಿಕಿರಣ ಇಲ್ಲ, ಹುಟ್ಟಿದ ಮಗುವಿನ ತಲೆಗೂ ಹಾಕ್ತಾರೆ.

ನಿಮ್ಮ ಮೆಸೇಜ್ ಕೆಳಗೆ ಯಾರೋ 'ಮನೇಲಿರೋ ಆಕ್ಸಿಮೀಟರನ್ನೇ ಹಣೆಗೆ ಒತ್ತಿದ್ರೆ ಸಾಲದಾ' ಅಂತ ಬರೆದಿದ್ದಾರೆ. ಸಾಲಲ್ಲ. ಟೋಪಿಯಲ್ಲಿ ಬೆಳಕು ಬಿಡೋ ಜಾಗಕ್ಕೂ ಹಿಡಿಯೋ ಜಾಗಕ್ಕೂ ಸುಮಾರು 3 ಸೆಂ.ಮೀ. ದೂರ ಇಟ್ಟಿರ್ತಾರೆ. ಬೆಳಕು ಬಾಳೆಹಣ್ಣಿನ ಹಾಗೆ ಬಾಗಿ ಒಳಗೆ ಒಂದೂವರೆ ಸೆಂ.ಮೀ. ಮುಟ್ಟಿ ಬರುತ್ತೆ, ಮೆದುಳಿನ ಹೊರಪದರ ಸಿಗೋದು ಆಗಲೇ. ಹತ್ತಿರ ಇಟ್ಟರೆ ಬರೀ ಚರ್ಮ. ನಿಮ್ಮ ಮನಸ್ಸಲ್ಲಿ ಏನಿದೆ ಅಂತಲೂ ಅದಕ್ಕೆ ಗೊತ್ತಾಗಲ್ಲ, ಧೈರ್ಯವಾಗಿರಿ.

ಇನ್ನೊಂದು, ಕೈಯಾಡಿಸಿದ ತಕ್ಷಣ ಗ್ರಾಫ್ ಏರಲ್ಲ. ಕೆಳಗೆ ಕೆರೆ ಹತ್ತಿರ ಪಂಪ್ ಹಾಕಿದ ಮೇಲೆ ಗುಡ್ಡದ ಮೇಲಿನ ಸ್ಪ್ರಿಂಕ್ಲರ್ ತಿರುಗೋಕೆ ಹೊತ್ತು ಹಿಡಿಯಲ್ವಾ, ಹಾಗೇ ಮೆದುಳಲ್ಲಿ ಕೆಲಸ ಮಾಡೋ ಜಾಗಕ್ಕೆ ರಕ್ತ ತುಂಬಿ ಬರೋಕೆ ಐದಾರು ಸೆಕೆಂಡ್ ಬೇಕು. ಇಳಿಯೋಕೂ ಹೊತ್ತು ಬೇಕು. ಅದಕ್ಕೇ 20 ಸೆಕೆಂಡ್ ಕೆಲಸ, ಆಮೇಲೆ ಅಷ್ಟೇ ಅಥವಾ ಇನ್ನೂ ಹೆಚ್ಚು ವಿಶ್ರಾಂತಿ, ಹೀಗೆ ಹತ್ತಾರು ಸಲ ಮಾಡಿಸ್ತಾರೆ. 'ಸುಮ್ನೆ ಕೂರಿಸಿದ್ದಾರಲ್ಲ' ಅಂತ ನಡುವೆ ಕೈ ಹಿಸುಕಿಕೊಂಡು ಕೂತ್ರೆ ಲೆಕ್ಕ ಕೆಟ್ಟಿತು.

ಈಗ ಮುಖ್ಯ ವಿಷಯ. ಬರೀ ಬೆರಳು ಮಡಚಿ ಬಿಡಿಸಿ ಅಂದರೆ ಬಲಗೈಗೆ ಮೆದುಳಿನ ಎಡಭಾಗದಲ್ಲಿ, ಕಿವಿಗೂ ನೆತ್ತಿಗೂ ನಡುವೆ ಇರೋ ಕೈಯ ಜಾಗ ಚುರುಕಾಗುತ್ತೆ. ಆದರೆ ಕಾಫಿ ಗಿಡದಲ್ಲಿ ಹಣ್ಣಾಗಿರೋದನ್ನೇ ಆರಿಸಿ, ಕಾಯಿ ಬಿಟ್ಟು, ಕೀಳೋದು ಅಂದರೆ ನೋಡಬೇಕು, ಕೈ ಎಷ್ಟು ಚಾಚಬೇಕು, ಬೆರಳು ಎಷ್ಟು ಒತ್ತಬೇಕು ಅಂತ ಅಂದಾಜು ಕಟ್ಟಬೇಕು. ಆಗ ಅದರ ಮುಂದಿನ, ಹಿಂದಿನ ಭಾಗಗಳೂ ಕೈಜೋಡಿಸ್ತವೆ. ಎಂಆರ್‌ಐ ಕೊಳವೆಯಲ್ಲಿ ಅಲುಗಾಡದೆ ಮಲಗಿ ಕಾಫಿ ಕೊಯ್ಯೋಕಾಗುತ್ತಾ? ಕುರ್ಚಿಯಲ್ಲಿ ಕೂತು ಕೈ ಚಾಚಬಹುದು ಅನ್ನೋದೇ ಈ ಟೋಪಿಯ ದೊಡ್ಡ ಗುಣ. ಹಾಗಾಗಿ ಅಕ್ಕನ ಮಗಳಿಗೆ ಹೇಳಿ, ಕೆಂಪು ಹಸಿರು ಮಣಿ ಬೆರೆಸಿಟ್ಟು ಕೆಂಪು ಮಾತ್ರ ಆರಿಸೋ ಕೆಲಸ ಕೊಡಲಿ. ಇಷ್ಟು ವರ್ಷ ಕಾಫಿ ಕೊಯ್ದ ಕೈ ಅದು, ಲ್ಯಾಬಿನ ಪ್ಲಾಸ್ಟಿಕ್ ಗೂಟ ಎತ್ತಿಡೋದಕ್ಕಿಂತ ಮಣಿ ಆರಿಸುವಾಗ ಚೆನ್ನಾಗಿ ಮಾತಾಡುತ್ತೆ.

ಹೋಲಿಸೋಕೆ ಎಡಗೈಯನ್ನೂ ಅಳೆಯಲಿ. ಸ್ಟ್ರೋಕ್ ಆದವರಲ್ಲಿ ದುರ್ಬಲ ಕೈ ಆಡಿಸುವಾಗ ಅದೇ ಪಕ್ಕದ ಮೆದುಳೂ ಚುರುಕಾಗೋದುಂಟು, ರಕ್ತನಾಳ ಸ್ಪಂದಿಸೋ ವೇಗವೇ ಬದಲಾಗಿರಲೂಬಹುದು. ಒಂದೇ ಗ್ರಾಫ್ ನೋಡಿ ನೀವು ಹೆದರೋದೂ ಬೇಡ, ಕುಣಿಯೋದೂ ಬೇಡ.

ಹೋಗೋ ದಿನ ತಲೆಗೆ ಎಣ್ಣೆ ಬೇಡ, ಹಿಂದಿನ ರಾತ್ರಿ ತೊಳೆದಿರಿ. ನಿಮ್ಮ ಆ ದಟ್ಟ ಕಪ್ಪು ಕೂದಲು ಬೆಳಕು ನುಂಗುತ್ತೆ, ಟೋಪಿಯ ಒಂದೊಂದು ಬಟನ್ ಕೆಳಗೂ ಕಡ್ಡಿಯಲ್ಲಿ ಕೂದಲು ಸರಿಸ್ತಾರೆ, ತಾಳ್ಮೆ ಇರಲಿ. ಕಾಫಿ ಬೆಳೆಯೋನಾಗಿ ಹೇಳೋಕೆ ನಾಚಿಕೆ, ಬೆಳಗ್ಗೆ ಕಾಫಿ ಕುಡಿಯಬೇಡಿ. ಕೆಫೀನ್ ಮೆದುಳಿನ ರಕ್ತದ ಹರಿವು ಕಮ್ಮಿ ಮಾಡುತ್ತೆ. ಮಾತ್ರೆ ಮಾತ್ರ ಡಾಕ್ಟರ್ ಕೇಳದೆ ತಪ್ಪಿಸಬೇಡಿ. ಎಲೆಅಡಿಕೆ ಬಾಯಲ್ಲಿ ಇಟ್ಕೊಂಡು ಕೂರಬೇಡಿ, ದವಡೆ ಆಡಿದರೆ ಕಪಾಲದ ಸ್ನಾಯು ಆಡುತ್ತೆ, ಗ್ರಾಫ್ ಕುಣಿಯುತ್ತೆ.

ಎಲ್ಲಕ್ಕಿಂತ ಮುಖ್ಯ ಉಸಿರು, ಬಿಗಿಹಿಡಿಯಬೇಡಿ. ನಮ್ಮ ಲ್ಯಾಬಿಗೆ ಒಬ್ಬರು ಹಿರಿಯರು ಬಂದಿದ್ದರು, ಗ್ರಾಫ್ ಎಷ್ಟು ಚೆಂದ ಏರ್ತಿತ್ತು ಅಂದರೆ ನಾವೆಲ್ಲ ಖುಷಿಯಲ್ಲಿದ್ದೆವು. ಆಮೇಲೆ ನೋಡಿದರೆ ಎರಡೂ ಪಕ್ಕ ಒಂದೇ ಸಮ ಏರಿದೆ. ಕೈಲಿ ಏನಾದರೂ ಹಿಡಿಯುವಾಗೆಲ್ಲ ಅವರು ಉಸಿರು ಬಿಗಿಹಿಡೀತಿದ್ದರು, ಇಂಗಾಲದ ಡೈಆಕ್ಸೈಡ್ ಹೆಚ್ಚಿ ತಲೆತುಂಬ ರಕ್ತ ಏರಿತ್ತು. ಅರ್ಧ ದಿನದ ಕೆಲಸ ಎಸೆದೆವು. ತಪ್ಪು ಅವರದಲ್ಲ, ಮೊದಲೇ ಹೇಳದ ನನ್ನದು. 'ಶಾರ್ಟ್ ಚಾನೆಲ್ ಹಾಕಿದ್ದೀಯಾ ಮಗಳೇ' ಅಂತಲೂ ಕೇಳಿ. ಬೆಳಕು ಬಿಡೋ, ಹಿಡಿಯೋ ಜಾಗಗಳ 8 ಮಿ.ಮೀ. ದೂರದ ಆ ಜೋಡಿ ಚರ್ಮದ ರಕ್ತವನ್ನಷ್ಟೇ ನೋಡುತ್ತೆ, ಅದನ್ನ ಕಳೆದರೆ ಮೆದುಳಿನದು ಉಳಿಯುತ್ತೆ. ನಿಮ್ಮ ಬಾಯಲ್ಲಿ ಈ ಪ್ರಶ್ನೆ ಕೇಳಿ ಅವಳು ಬೆಚ್ಚಿಬೀಳ್ತಾಳೆ.

ಟೋಪಿ ಬಿಗಿಯಾಗಿರುತ್ತೆ, ತೆಗೆದ ಮೇಲೂ ಹಣೆಯಲ್ಲಿ ದುಂಡು ದುಂಡು ಗುರುತು ಸ್ವಲ್ಪ ಹೊತ್ತು ಇರುತ್ತೆ. ಅದೇ ಸಂಜೆ ಮದುವೆ ಮನೆಗೆ ಹೋಗೋದಿದ್ದರೆ ಬೇರೆ ದಿನ ಇಟ್ಕೊಳ್ಳಿ.