ಮಾಳಿಗೆ ಮನೆ ಕೆಡವಬೇಕಾ, ಉಳಿಸಬೇಕಾ?

ಪ್ರಶ್ನೆ: ನಮ್ಮದು ಮಾವನವರ ಕಾಲದ ಮಣ್ಣಿನ ಮಾಳಿಗೆ (ಜಂತಿ ಮೇಲೆ ಮಣ್ಣು ಹಾಕಿದ ಚಪ್ಪಟೆ ಚಾವಣಿ) ಮನೆ. ಗೋಡೆ ಎರಡು ಅಡಿ ದಪ್ಪ. ಮೊದಲೆಲ್ಲ ತಂಪಾಗಿರುತ್ತಿತ್ತು. ಈಗ ಮೇ ತಿಂಗಳಲ್ಲಿ ರಾತ್ರಿಯೂ ಸೆಕೆ, ಮಳೆ ಬಂದರೆ ಸೋರುತ್ತದೆ. ದೊಡ್ಡ ಮಗ ಕೆಡವಿ ಆರ್‌ಸಿಸಿ ಹಾಕೋಣ ಅಂತಾನೆ. ಚಿಕ್ಕವನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮಷಿನ್ ಲರ್ನಿಂಗ್ (ಉದಾಹರಣೆಗಳನ್ನು ನೋಡಿ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಬಳಸಿ ಇದೇ ಮನೆಯನ್ನು ಮುಂದಿನ ಬೇಸಿಗೆಗಳಿಗೆ ಹೊಂದಿಸಬಹುದು ಅಂತಾನೆ. ನಿಜವೇ ಮೇಡಂ?
– ಓದುಗರು, ಸಿಂಧನೂರು ತಾಲ್ಲೂಕು

ಉತ್ತರ: ನಿಜ. ಆದರೆ ನಿಮ್ಮ ಮನೆ ಹೇಗಿದೆ ಅನ್ನುವುದನ್ನು ಕಂಪ್ಯೂಟರ್‌ಗೆ ನೀವೇ ಹೇಳಿಕೊಡಬೇಕು. ಅಲ್ಲಿಯ ತನಕ ದಯವಿಟ್ಟು ಕೆಡವಬೇಡಿ.

ನಾನೂ ಮಾಳಿಗೆ ಮನೆಯಲ್ಲೇ ಬೆಳೆದವಳು. ಬೆಳಕಿಂಡಿಯಿಂದ ಬೀಳುವ ಬಿಸಿಲು ಪಡಸಾಲೆಯ ಯಾವ ಕಲ್ಲಿಗೆ ಬಂತು ಎಂದು ನೋಡಿ ಅವ್ವ ಒಲೆ ಹೊತ್ತಿಸುತ್ತಿದ್ದಳು. ನಿಮ್ಮ ಸೆಕೆಯ ಮಾತು ಸುಮ್ನೆ ಅನಿಸಿಕೆಯಲ್ಲ. ಒಂದು ಅಡಿ ಮಣ್ಣಿನ ಗೋಡೆ ದಾಟಲು ಬಿಸಿಗೆ ಎಂಟು ಹತ್ತು ಗಂಟೆ ಬೇಕು. ಎರಡು ಅಡಿಯಾದರೆ ಇನ್ನೂ ಜಾಸ್ತಿ. ಹಗಲು ಕುಡಿದ ಬಿಸಿಯನ್ನು ಗೋಡೆ ರಾತ್ರಿಯ ತಂಪಿಗೆ ಬಿಟ್ಟುಕೊಡುತ್ತಿತ್ತು. ಈಗ ರಾತ್ರಿಗಳೇ ಬಿಸಿಯಾಗುತ್ತಿವೆ. ಗೋಡೆ ಬಿಸಿಯನ್ನು ಎಲ್ಲಿಗೆ ಬಿಡಬೇಕು ಹೇಳಿ? ಹಾಗಂತ ಸ್ಲ್ಯಾಬ್ ಹಾಕಿದರೆ ಸಂಜೆಗೇ ಕಾದು, ಮಲಗುವ ಹೊತ್ತಿಗೆ ತಲೆ ಮೇಲೆ ಹೆಂಚಿನ ಹಾಗೆ ಇರುತ್ತದೆ.

ಚಿಕ್ಕ ಮಗ ಹೇಳುವ ಕೆಲಸ ನಡೆಯುವುದು ಹೀಗೆ. ಎನರ್ಜಿಪ್ಲಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಮನೆಯ ಮಾದರಿ ಮಾಡಿ, ವರ್ಷದ 8,760 ಗಂಟೆಗಳ ಹವಾಮಾನ ಕೊಟ್ಟರೆ ಒಳಗೆ ಎಷ್ಟು ಬಿಸಿ ಎಂದು ಲೆಕ್ಕ ಹಾಕುತ್ತದೆ. ಬೆಳಕಿಂಡಿ ದೊಡ್ಡದಾದರೆ? ಮಾಳಿಗೆ ಮೇಲೆ ಸುಣ್ಣ ಬಳಿದರೆ? ಪಡುವಣ ಗೋಡೆಗೆ ಚಪ್ಪರ ಹಾಕಿದರೆ? ಇವನ್ನೆಲ್ಲ ಕೂಡಿಸಿ ಕಳೆದರೆ ಸಾವಿರಾರು ಬಗೆಯ ಮನೆಗಳಾಗುತ್ತವೆ. ಒಂದೊಂದನ್ನೂ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ. ಕೆಲವು ನೂರು ಲೆಕ್ಕಗಳನ್ನು ಮಷಿನ್ ಲರ್ನಿಂಗ್‌ಗೆ ಕಲಿಸಿದರೆ ಉಳಿದವನ್ನು ಅದು ಕ್ಷಣದಲ್ಲಿ ಅಂದಾಜು ಮಾಡುತ್ತದೆ. ಚೆನ್ನಾಗಿ ಕಂಡ ನಾಲ್ಕೈದನ್ನು ಮತ್ತೆ ಮೊದಲಿನ ಸಾಫ್ಟ್‌ವೇರ್‌ನಲ್ಲೇ ಪರೀಕ್ಷಿಸಬೇಕು. ಹವಾಮಾನ ಹಳೇ ವರ್ಷಗಳದ್ದು ಮಾತ್ರ ಬೇಡ, 2050ರ ಅಂದಾಜೂ ಇರಲಿ ಎಂದು ಮಗನಿಗೆ ಹೇಳಿ.

ನಮ್ಮ ಮನೆಗೂ ಹೀಗೆ ಮಾಡಿಸಿದ್ದೆ. ಲೆಕ್ಕ ಒಂದು ಬಂತು, ಥರ್ಮಾಮೀಟರ್ ಇನ್ನೊಂದು ಹೇಳಿತು. ಕೊನೆಗೆ ಬೆಳಕಿಂಡಿ ಪಕ್ಕ ಮಾಳಿಗೆ ಕೊರೆದು ನೋಡಿದೆವು. ಪದರದ ಮೇಲೆ ಪದರ, ಒಂದು ಬೂದಿ ಬಣ್ಣ, ಒಂದು ಬಿಳಿಚು, ನಡುವೆ ಒಣ ಹುಲ್ಲು. ಮಳೆಗೆ ಮುಂಚೆ ವರ್ಷವರ್ಷವೂ ಸವಳು ಮಣ್ಣು ಹರಡಿದ್ದರು, ಹಳೆಯದನ್ನು ಯಾರೂ ತೆಗೆದಿರಲಿಲ್ಲ. ನಕ್ಷೆಯಲ್ಲಿ ಒಂದು ಅಡಿ ಇದ್ದದ್ದು ನಿಜದಲ್ಲಿ ಒಂದೂವರೆ ಅಡಿ! ಒಂದು ಘನ ಅಡಿ ಮಣ್ಣು ಸುಮಾರು 45 ಕೆ.ಜಿ. ತೂಗುತ್ತದೆ. ಹತ್ತಡಿ ಉದ್ದಗಲದ ಕೋಣೆ ಅಂದರೆ ಆ ಹೆಚ್ಚಿನ ಅರ್ಧ ಅಡಿಯಿಂದಲೇ ಎರಡು ಟನ್ನಿಗೂ ಜಾಸ್ತಿ ಭಾರ ಜಂತಿಗಳ ಮೇಲೆ ಕೂತಿತ್ತು. ಅದೂ ಒಣ ಮಣ್ಣಿನ ಲೆಕ್ಕ.

ಇದನ್ನೇ ನಿಮಗೆ ಒತ್ತಿ ಹೇಳಬೇಕು. ಬರೀ ತಂಪು ಕೇಳಿದರೆ ಕಂಪ್ಯೂಟರ್ ಮಣ್ಣು ದಪ್ಪ ಮಾಡಿ ಅನ್ನಬಹುದು. 2009ರ ಅಕ್ಟೋಬರ್ ಹೊತ್ತಿನ ಮಳೆಗೆ ನಮ್ಮ ಕಡೆ ಎಷ್ಟು ಮಣ್ಣಿನ ಮನೆ ಬಿದ್ದವು, ನೀವೇ ನೋಡಿದ್ದೀರಿ ಅಲ್ವಾ. ಮಾಳಿಗೆ ಇಷ್ಟು ಭಾರಕ್ಕಿಂತ ಹೆಚ್ಚಾಗಬಾರದು, ಇಷ್ಟು ಮಳೆ ತಡೆಯಬೇಕು ಎಂಬ ಷರತ್ತು ಮೊದಲೇ ಹಾಕಬೇಕು.

ಈಗ ಎರಡು ಡಿಜಿಟಲ್ ಥರ್ಮಾಮೀಟರ್ ತನ್ನಿ. ಒಂದು ಪಡಸಾಲೆಯಲ್ಲಿ, ಇನ್ನೊಂದು ಹೊರಗೆ ನೆರಳಿನಲ್ಲಿ. ಏಪ್ರಿಲ್, ಮೇ ಪೂರ್ತಿ ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ನೋಡಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಬೆಳಕಿಂಡಿ ತೆರೆದಿತ್ತಾ, ಮುಚ್ಚಿತ್ತಾ ಎಂದೂ ಬರೆಯಿರಿ. ಗೋಡೆ, ಮಾಳಿಗೆಯ ದಪ್ಪ ಅಳೆದು ಚಿಕ್ಕ ಮಗನಿಗೆ ಕಳಿಸಿ. ದೊಡ್ಡ ಮಗನಿಗೂ ಒಂದು ಕೆಲಸ ಇದೆ. ಮಳೆಗೆ ಮುಂಚೆ ಬಡಿಗರನ್ನು ಕರೆಸಿ, ತೊಲೆ ಜಂತಿಗಳಿಗೆ ಗೆದ್ದಲು ಹಿಡಿದಿದೆಯಾ ಎಂದು ಒಂದೊಂದನ್ನೂ ಬಡಿದು ನೋಡಿಸಲಿ. ಟೊಳ್ಳು ಸದ್ದು ಬಂದರೆ ಆ ಕೋಣೆಯಲ್ಲಿ ಈ ಮಳೆಗಾಲ ಯಾರೂ ಮಲಗಬೇಡಿ.