ಓದುಗರ ಪ್ರಶ್ನೆಗೆ ಉತ್ತರ: ಮೊಮ್ಮಗನ ‘ಫುಟಿ’ಯಿಂದ ಹೊಟ್ಟೆ ತುಂಬುತ್ತದೆಯೇ?

ಪ್ರಶ್ನೆ: ನನ್ನ ಮಗಳ ಸಂಸಾರ ಮೆಲ್ಬರ್ನ್‌ನಲ್ಲಿದೆ. ಹದಿನಾಲ್ಕು ತುಂಬಿದ ಮೊಮ್ಮಗ ಕ್ರಿಕೆಟ್ ಬಿಟ್ಟು ‘ಫುಟಿ’ ಎನ್ನುವ ಆಟದ ಹಿಂದೆ ಬಿದ್ದಿದ್ದಾನೆ; ಅದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆಂದು ಫೋನಿನಲ್ಲಿ ಹಟ ಮಾಡುತ್ತಾನೆ. ಆರ್. ವಿನಯ್ ಕುಮಾರ್ ಅವರ ಊರಿನವನಾದ ನನಗೆ ಕ್ರಿಕೆಟ್ ಗೊತ್ತು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಫುಟ್‌ಬಾಲ್ ಗೊತ್ತಿಲ್ಲ. ಇದರಿಂದ ಹೊಟ್ಟೆ ತುಂಬುತ್ತದೆಯೇ?
— ನಿವೃತ್ತ ಬ್ಯಾಂಕ್ ಉದ್ಯೋಗಿ, ವಿದ್ಯಾನಗರ, ದಾವಣಗೆರೆ

ಉತ್ತರ: ತುಂಬುತ್ತದೆ, ಆದರೆ ಆ ಪಂಕ್ತಿಯಲ್ಲಿ ಎಲೆ ಹಾಕುವುದು ಬಹಳ ಕಡಿಮೆ ಜನರಿಗೆ. ‘ಫುಟಿ’ ಎಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಕ್ರಿಕೆಟ್ ಬಲ್ಲ ತಮಗೆ ಈ ಆಟದ ಪರಿಚಯ ಕಷ್ಟವಾಗಲಾರದು, ಏಕೆಂದರೆ ಇದನ್ನು ಕಟ್ಟಿದವರೇ ಕ್ರಿಕೆಟಿಗರು. ಟಾಮ್ ವಿಲ್ಸ್ ಎಂಬ ಕ್ರಿಕೆಟ್ ಆಟಗಾರ 1858ರಲ್ಲಿ ಮೆಲ್ಬರ್ನ್‌ನ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಚಳಿಗಾಲದಲ್ಲಿ ಕ್ರಿಕೆಟಿಗರ ಮೈ ಜಡವಾಗದಂತೆ ಒಂದು ಫುಟ್‌ಬಾಲ್ ಕ್ಲಬ್ ಕಟ್ಟಿಕೊಳ್ಳಬಾರದೇಕೆ ಎಂದು ಕೇಳಿದರು. ಮರುವರ್ಷದ ಮೇ ತಿಂಗಳಲ್ಲಿ ಅವರೂ ಅವರ ಜೊತೆಗಾರರೂ ಕುಳಿತು ನಿಯಮಗಳನ್ನು ಬರೆದರು. ಇಂದಿಗೂ ಈ ಆಟ ನಡೆಯುವುದು ಕ್ರಿಕೆಟ್ ಆಡುವ ಅಂಡಾಕಾರದ ಮೈದಾನದಲ್ಲಿಯೇ. ಡಿಸೆಂಬರಿನಲ್ಲಿ ನಾವು ನಸುಕಿನಲ್ಲೆದ್ದು ಟೆಸ್ಟ್ ಪಂದ್ಯ ನೋಡುವ ಮೆಲ್ಬರ್ನ್ ಕ್ರಿಕೆಟ್ ಮೈದಾನ ಸೆಪ್ಟೆಂಬರಿನ ಕೊನೆಯಲ್ಲಿ ಫುಟಿಯ ಅಂತಿಮ ಪಂದ್ಯಕ್ಕೆ ಲಕ್ಷದಷ್ಟು ಜನರಿಂದ ತುಂಬಿರುತ್ತದೆ.

ಪ್ರತಿ ತಂಡದಿಂದ 18 ಮಂದಿ ಕಣದಲ್ಲಿರುತ್ತಾರೆ. ಗೋಲ್‌ಕೀಪರ್ ಇಲ್ಲ, ಆಫ್‌ಸೈಡ್ ಎಂಬ ತಕರಾರೂ ಇಲ್ಲ. ಚೆಂಡು ಹಿಡಿದು ಓಡಬಹುದು, ಆದರೆ 15 ಮೀಟರಿಗೊಮ್ಮೆ ಅದನ್ನು ನೆಲಕ್ಕೆ ತಾಗಿಸಬೇಕು. ಜೊತೆಗಾರನಿಗೆ ಕೊಡುವುದಾದರೆ ಎಸೆಯುವಂತಿಲ್ಲ, ಒಂದು ಕೈಯಲ್ಲಿಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು ಅಥವಾ ಒದೆಯಬೇಕು. ಒದ್ದ ಚೆಂಡು 15 ಮೀಟರ್ ಕ್ರಮಿಸಿ ನೆಲ ಮುಟ್ಟುವ ಮೊದಲೇ ಯಾರ ಕೈಗಾದರೂ ಸಿಕ್ಕಿತೋ, ಅವನಿಗೆ ಅಡ್ಡಿಯಿಲ್ಲದೆ ಒದೆಯುವ ಹಕ್ಕು. ಇದಕ್ಕೆ ‘ಮಾರ್ಕ್’ ಎಂದು ಹೆಸರು. ಈ ಮಾರ್ಕ್‌ಗಾಗಿ ಆಟಗಾರರು ಎದುರಾಳಿಯ ಬೆನ್ನ ಮೇಲೆ ಮೊಣಕಾಲೂರಿ ಹಾರುವುದನ್ನು ನೋಡಲೆಂದೇ ಜನ ಟಿಕೆಟ್ ಕೊಳ್ಳುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳಿದ್ದು, ನಡುವಿನ ಎರಡರ ಮಧ್ಯೆ ಒದ್ದರೆ 6 ಅಂಕ, ಪಕ್ಕದ ಸಂದಿನಲ್ಲಿ ಹೋದರೆ 1 ಅಂಕ. ಗುರಿ ಸ್ವಲ್ಪ ತಪ್ಪಿದವನಿಗೂ ಒಂದು ಅಂಕ ಕೊಡುವ ಈ ಔದಾರ್ಯ ನನಗೆ ಬಹಳ ಇಷ್ಟ.

ಇನ್ನು ವೃತ್ತಿಯ ಮಾತು. ಎಎಫ್‌ಎಲ್ ಎಂಬ ರಾಷ್ಟ್ರೀಯ ಲೀಗ್‌ನಲ್ಲಿರುವ ಕ್ಲಬ್‌ಗಳು 18; ಅವುಗಳ ಪಟ್ಟಿಯಲ್ಲಿರುವ ಆಟಗಾರರು ಒಟ್ಟು ಸುಮಾರು 800. ಆ ಪಟ್ಟಿಗೆ ಸೇರುವ ಹೆದ್ದಾರಿ ಎಂದರೆ 1986ರಲ್ಲಿ ಆರಂಭವಾದ ‘ಡ್ರಾಫ್ಟ್’. ಊರಿನ ಕ್ಲಬ್‌ನಲ್ಲಿ ಬೆಳೆದ ಹುಡುಗ 18ರೊಳಗಿನವರ ಲೀಗ್‌ನಲ್ಲಿ ಆಡಿ ಕಣ್ಣಿಗೆ ಬಿದ್ದರೆ, ಹದಿನೆಂಟು ತುಂಬುವ ವರ್ಷದ ಕೊನೆಯಲ್ಲಿ ಕ್ಲಬ್‌ಗಳು ಸರದಿಯಂತೆ ಹೆಸರು ಕೂಗುತ್ತವೆ. ಆ ವರ್ಷ ಕೊನೆಯ ಸ್ಥಾನ ಪಡೆದ ತಂಡಕ್ಕೆ ಮೊದಲ ಆಯ್ಕೆ ಸಿಗುತ್ತದೆ. ಸೋತವರ ಕೈಗೆ ಮೊದಲು ಬುಟ್ಟಿ ಕೊಡುವುದು ನ್ಯಾಯವೇ ಸರಿ, ಆದರೆ ಇದರಲ್ಲಿ ಹುಡುಗನ ಇಚ್ಛೆಗೆ ಎಡೆಯಿಲ್ಲ. ಐಪಿಎಲ್ ಹರಾಜಿನಂತೆ ಎರಡು ತಿಂಗಳ ಮಾತಲ್ಲ ಇದು. ಪರ್ತ್‌ನ ಹುಡುಗನ ಹೆಸರನ್ನು ಮೆಲ್ಬರ್ನ್‌ನ ಕ್ಲಬ್ ಕೂಗಿದರೆ ಅವನು ಸುಮಾರು 2,700 ಕಿ.ಮೀ. ದೂರದ ಊರಿಗೆ ಗಂಟುಮೂಟೆ ಕಟ್ಟಬೇಕು. ಒಂದೇ ಕ್ಲಬ್‌ಗೆ ತಂದೆ 100 ಪಂದ್ಯಗಳನ್ನಾಡಿದ್ದರೆ ಮಗನನ್ನು ಅದೇ ಕ್ಲಬ್ ಪಡೆದುಕೊಳ್ಳುವ ‘ತಂದೆ-ಮಗ’ ನಿಯಮವೊಂದಿದೆ. ತಮ್ಮ ಅಳಿಯಂದಿರು ಅಷ್ಟು ಆಡಿರಲಾರರೆಂದು ಭಾವಿಸುತ್ತೇನೆ.

ಸರದಿಯಲ್ಲಿ ಹಿಂದೆ ಬಿದ್ದ ಮಾತ್ರಕ್ಕೆ ಹುಡುಗನ ದಾರಿ ಮುಚ್ಚುವುದಿಲ್ಲ. 1990ರಲ್ಲಿ ಜೇಮ್ಸ್ ಹರ್ಡ್ ಅವರ ಹೆಸರು ಬಂದದ್ದು 79ನೆಯದಾಗಿ, 1997ರಲ್ಲಿ ಆ್ಯಡಮ್ ಗುಡ್ಸ್ ಅವರದು 43ನೆಯದಾಗಿ. ಇಬ್ಬರೂ ಮುಂದೆ ಆಟದ ಅತ್ಯುನ್ನತ ಗೌರವವಾದ ಬ್ರೌನ್‌ಲೋ ಪದಕ ಪಡೆದರು, ಗುಡ್ಸ್ ಎರಡು ಬಾರಿ.

ಪ್ರಶ್ನೆ: ಒಮ್ಮೆ ಆಯ್ಕೆಯಾದ ಮೇಲೆ ಸರ್ಕಾರಿ ನೌಕರಿಯಂತೆ ಕಾಯಂ ಅಲ್ಲವೇ?
— ದೈಹಿಕ ಶಿಕ್ಷಣ ಶಿಕ್ಷಕರು, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, ಇಲ್ಲಿ ಕಾಯಂ ಎಂಬುದೇ ಇಲ್ಲ. ಹೊಸಬನ ಮೊದಲ ಒಪ್ಪಂದ ಎರಡು ಮೂರು ವರ್ಷಗಳದ್ದು. ಆ ಅವಧಿಯಲ್ಲಿ ಅವನು ಬಹುಪಾಲು ಕೆಳಗಿನ ರಾಜ್ಯ ಲೀಗ್‌ಗಳಲ್ಲಿ ಆಡುತ್ತಾ ಮುಖ್ಯ ತಂಡದ ಕರೆಗಾಗಿ ಕಾಯುತ್ತಿರುತ್ತಾನೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯಗಳು, ಬಳಿಕ ಅಲ್ಪ ವಿರಾಮ, ನವೆಂಬರ್‌ನಿಂದ ಬೇಸಿಗೆಯ ಸುಡುಬಿಸಿಲಲ್ಲಿ ಮತ್ತೆ ತಾಲೀಮು. ಪ್ರತಿ ವರ್ಷ ಡ್ರಾಫ್ಟ್‌ನಲ್ಲಿ ಹೊಸಬರು ಬರಬೇಕಾದರೆ ಅಷ್ಟೇ ಮಂದಿ ಪಟ್ಟಿಯಿಂದ ಹೊರಬೀಳಲೇಬೇಕು. ಹಾಗೆ ಬೀಳುವವರಲ್ಲಿ ಇಪ್ಪತ್ತು, ಇಪ್ಪತ್ತೊಂದರ ಹುಡುಗರು ಅನೇಕರು. 2016ರವರೆಗೆ ಆಡಿ 432 ಪಂದ್ಯಗಳನ್ನು ಮುಗಿಸಿದ ಬ್ರೆಂಟ್ ಹಾರ್ವಿಯಂಥವರ ಹೆಸರು ನಮಗೆ ಗೊತ್ತಿರುತ್ತದೆ, ಐದು ಪಂದ್ಯವಾಡಿ ಮನೆಗೆ ಹೋದವರದು ಗೊತ್ತಿರುವುದಿಲ್ಲ.

ಒಂದು ಹೆಸರು ಮಾತ್ರ ನಮಗೆ ಚೆನ್ನಾಗಿ ಗೊತ್ತು. ಆಸ್ಟ್ರೇಲಿಯಾದ ವಿಕೆಟ್ ಕೀಪರ್ ಅಲೆಕ್ಸ್ ಕೇರಿ ಮೊದಲು ಕೈಹಾಕಿದ್ದು ಫುಟಿಗೇ. ಗ್ರೇಟರ್ ವೆಸ್ಟರ್ನ್ ಸಿಡ್ನಿ ಎಂಬ ಹೊಸ ಕ್ಲಬ್ ಕಟ್ಟುವಾಗ ಅದರ ಕಿರಿಯರ ತಂಡಕ್ಕೆ ಅವರೇ ನಾಯಕ. 2012ರಲ್ಲಿ ಕ್ಲಬ್ ಎಎಫ್‌ಎಲ್ ಪ್ರವೇಶಿಸುವ ಹೊತ್ತಿಗೆ ಪಟ್ಟಿಯಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಊರಿಗೆ ಮರಳಿ ಕ್ರಿಕೆಟ್ ಹಿಡಿದರು. ಎಲ್ಲರಿಗೂ ಹೀಗೆ ಎರಡನೆಯ ಬಾಗಿಲು ತೆರೆಯುವುದಿಲ್ಲ.

ಸಂಬಳದಲ್ಲಿ ಕ್ಲಬ್‌ಗಳು ಪೈಪೋಟಿಗಿಳಿಯದಂತೆ ಒಟ್ಟು ವೆಚ್ಚಕ್ಕೆ ಮಿತಿ ಹಾಕಿದ್ದಾರೆ. ಹಲವು ವರ್ಷ ಒಂದೇ ಕ್ಲಬ್‌ನಲ್ಲಿ ದುಡಿದವನು ಒಪ್ಪಂದ ಮುಗಿದ ಮೇಲೆ ತಾನೇ ಕ್ಲಬ್ ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದದ್ದು 2012ರಲ್ಲಿ. ಮರುವರ್ಷ ಲ್ಯಾನ್ಸ್ ಫ್ರಾಂಕ್ಲಿನ್ ಹಾಥಾರ್ನ್ ಕ್ಲಬ್‌ಗೆ ಪ್ರಶಸ್ತಿ ಗೆಲ್ಲಿಸಿಕೊಟ್ಟ ಬೆನ್ನಿಗೇ ಸಿಡ್ನಿಗೆ ಹೋದರು. ಒಪ್ಪಂದ 9 ವರ್ಷ, ಮೊತ್ತ 1 ಕೋಟಿ ಆಸ್ಟ್ರೇಲಿಯನ್ ಡಾಲರ್. ಇಂಥ ಭಾಗ್ಯ ಬೆರಳೆಣಿಕೆಯವರದು.

ಪ್ರಶ್ನೆ: ನಾನು ಕಬಡ್ಡಿ ಆಟಗಾರ. ಈ ಆಟ ಆಡದ ದೇಶದವರಿಗೆ ಅಲ್ಲಿ ಅವಕಾಶ ಇದೆಯೇ?
— ಪದವಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಇದೆ, ಆದರೆ ಕಿರಿದಾದ ಬಾಗಿಲು. ಡಬ್ಲಿನ್‌ನ ಜಿಮ್ ಸ್ಟೈನ್ಸ್ ತಮ್ಮ ದೇಶದ ಗೇಲಿಕ್ ಫುಟ್‌ಬಾಲ್ ಬಿಟ್ಟು ಬಂದು ಈ ಅಂಡಾಕಾರದ ಚೆಂಡನ್ನು ಹೊಸದಾಗಿ ಕಲಿತು, 1991ರಲ್ಲಿ ಬ್ರೌನ್‌ಲೋ ಪದಕ ಗೆದ್ದರು. ಅವರು ಒಂದೂ ತಪ್ಪಿಸದೆ ಸತತವಾಗಿ ಆಡಿದ ಪಂದ್ಯಗಳು 244. ಕೆನಡಾದ ರಗ್ಬಿ ಆಟಗಾರ ಮೈಕ್ ಪೈಕ್ 2012ರಲ್ಲಿ, ಅಮೆರಿಕದ ಮೇಸನ್ ಕಾಕ್ಸ್ 2023ರಲ್ಲಿ ಪ್ರಶಸ್ತಿ ಗೆದ್ದ ತಂಡಗಳಲ್ಲಿದ್ದರು. ಕಾಕ್ಸ್ 211 ಸೆಂ.ಮೀ. ಎತ್ತರದವರು ಎಂಬುದನ್ನೂ ಹೇಳಿಬಿಡಬೇಕು. ಹೊರಗಿನವರನ್ನು ಕ್ಲಬ್‌ಗಳು ಕರೆಸುವುದು ಮುಖ್ಯವಾಗಿ ಅಸಾಧಾರಣ ಎತ್ತರ ಅಥವಾ ಓಟಕ್ಕಾಗಿ. ಕಬಡ್ಡಿಯಲ್ಲಿ ಕಲಿತ ಹಿಡಿತ, ದಿಕ್ಕು ಬದಲಿಸುವ ಚುರುಕು ಇಲ್ಲಿ ಉಪಯೋಗಕ್ಕೆ ಬರುತ್ತವೆ, ಆದರೆ ಒಂದೇ ಪಂದ್ಯದಲ್ಲಿ 12ರಿಂದ 15 ಕಿ.ಮೀ. ಓಡುವ ದಮ್ಮು ಬೇರೆಯೇ ಸಾಧನೆ. ಭಾರತದ ಹವ್ಯಾಸಿ ತಂಡವೊಂದು 2008ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಕಪ್‌ನಲ್ಲಿ ಆಡಿತ್ತು. ಮಹಿಳೆಯರ ಲೀಗ್ 2017ರಲ್ಲಿ ಆರಂಭವಾಗಿದೆ. ತಮ್ಮ ಕಾಲೇಜಿನ ಹುಡುಗಿಯರಿಗೂ ತಿಳಿಸಿ.

ಪ್ರಶ್ನೆ: ಒರಟಾಟ ಆಡಿದವನಿಗೆ ಬ್ರೌನ್‌ಲೋ ಪದಕ ಕೊಡುವುದಿಲ್ಲವಂತೆ, ಹೌದೇ?
— ಓದುಗರು, ಹೊಳಲ್ಕೆರೆ

ಉತ್ತರ: ಹೌದು. ಪ್ರತಿ ಪಂದ್ಯದ ಬಳಿಕ ಅಂಪೈರ್‌ಗಳು ಮೂವರಿಗೆ 3, 2, 1 ಎಂದು ಮತ ಹಾಕುತ್ತಾರೆ. ಆ ವರ್ಷ ಅಮಾನತಾದವನಿಗೆ ಎಷ್ಟು ಮತ ಬಿದ್ದರೂ ಪದಕ ಸಿಗದು. 1997ರಲ್ಲಿ ಕ್ರಿಸ್ ಗ್ರಾಂಟ್ ಎಲ್ಲರಿಗಿಂತ ಹೆಚ್ಚು ಮತ ಪಡೆದರೂ ಒಂದೇ ಒಂದು ಪಂದ್ಯದ ಅಮಾನತಿನಿಂದಾಗಿ ಪದಕ ರಾಬರ್ಟ್ ಹಾರ್ವಿ ಅವರ ಪಾಲಾಯಿತು.

ಪ್ರಶ್ನೆ: ಶಿರಸ್ತ್ರಾಣವಿಲ್ಲದೆ ಇಷ್ಟು ಡಿಕ್ಕಿ ಹೊಡೆದುಕೊಂಡರೆ ಮುಂದಿನ ಆರೋಗ್ಯದ ಗತಿ ಏನು?
— ಶುಶ್ರೂಷಕಿ, ದಾವಣಗೆರೆ

ಉತ್ತರ: ಈ ವೃತ್ತಿಯ ಕರಾಳ ಭಾಗವನ್ನೇ ಕೇಳಿದ್ದೀರಿ. ಹಿಂದೆ ಎಲ್ಲರೂ ಹೆದರುತ್ತಿದ್ದುದು ಮೊಣಕಾಲಿಗೆ. 98 ಪಂದ್ಯಗಳಲ್ಲಿ 537 ಗೋಲು ಹೊಡೆದ ಜಾನ್ ಕೋಲ್ಮನ್ ಅವರ ಆಟ 1954ರಲ್ಲಿ ಮೊಣಕಾಲು ತಿರುಚಿ ಮುಗಿದಾಗ ಅವರಿಗೆ ಕೇವಲ 25 ವರ್ಷ. ಈಗಿನ ಭಯ ತಲೆಯದು. 2019ರಲ್ಲಿ ತೀರಿಕೊಂಡ ಹಿರಿಯ ಆಟಗಾರ ಗ್ರಹಾಂ ಫಾರ್ಮರ್ ಅವರ ಮೆದುಳಿನಲ್ಲಿ, ಪದೇ ಪದೇ ಬೀಳುವ ಪೆಟ್ಟಿನಿಂದ ಬರುವ ಸಿಟಿಇ ಎಂಬ ಕಾಯಿಲೆ ಇದ್ದುದು ಮರುವರ್ಷ ದೃಢಪಟ್ಟಿತು; ಈ ಆಟದವರಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಮೆಲ್ಬರ್ನ್ ತಂಡದ ಆ್ಯಂಗಸ್ ಬ್ರೇಶಾ 2023ರ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟು ತಿಂದು, ವೈದ್ಯರ ಸಲಹೆಯಂತೆ 2024ರಲ್ಲಿ 28ರ ವಯಸ್ಸಿಗೇ ನಿವೃತ್ತರಾದರು. ತಲೆಗೆ ಪೆಟ್ಟು ಬಿದ್ದು ಮಂಕು ಕವಿದ ಎಎಫ್‌ಎಲ್ ಆಟಗಾರ ಈಗ ಕನಿಷ್ಠ 12 ದಿನ ಕಣಕ್ಕಿಳಿಯುವಂತಿಲ್ಲ. ಊರಿನ ಕ್ಲಬ್‌ಗಳ ಆಟಗಾರರಿಗೆ ಈ ಅವಧಿ 21 ದಿನ. ವಿದ್ಯಾನಗರದ ಹಿರಿಯರು ಈ ಉತ್ತರವನ್ನೂ ಓದಿ, ಮುಂದಿನ ಸಲ ಮೊಮ್ಮಗ ಫೋನ್ ಮಾಡಿದಾಗ ಅವನ ಕ್ಲಬ್‌ನಲ್ಲಿ ಆ 21 ದಿನಗಳನ್ನು ಲೆಕ್ಕವಿಡುವವರು ಯಾರು ಎಂದು ವಿಚಾರಿಸಲಿ.